ಹಳೆಯ ಗಾಡಿಯ ಹಿಂದಿನ ಡ್ರಮ್ ಬ್ರೇಕ್: ಯಾವುದನ್ನು ಬದಲಿಸಬೇಕು, ಯಾವುದನ್ನು ಉಳಿಸಿಕೊಳ್ಳಬಹುದು?

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಹಳೆಯ ಮಾರುತಿ 800, ಓಮ್ನಿ, ಟಾಟಾ ಏಸ್, ಜೀಪುಗಳು ಇನ್ನೂ ದಿನವೂ ದುಡಿಯುತ್ತಿವೆ. 800ರ ತಯಾರಿಕೆ 2014ರಲ್ಲೇ ನಿಂತಿತು, ಓಮ್ನಿಯದು 2019ರಲ್ಲಿ. ಗಾಡಿಗಳು ಮಾತ್ರ ನಿಂತಿಲ್ಲ. ಇವುಗಳ ಮಾಲೀಕರು ಕೇಳುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವುದು ಹಿಂದಿನ ಬ್ರೇಕಿನದು. ಚಕ್ರದ ಜೊತೆ ತಿರುಗುವ ಬೋಗುಣಿಯಂಥ ಭಾಗವೇ ಡ್ರಮ್. ಬ್ರೇಕ್ ಒತ್ತಿದಾಗ ಅದರ ಒಳಮೈಗೆ ಒತ್ತುವ ಬಾಗಿದ ಭಾಗಗಳು ಶೂ, ಶೂ ಮೇಲಿನ ಉಜ್ಜುವ ಪದರ ಲೈನರ್, ಆಯಿಲಿನ ಒತ್ತಡದಿಂದ ಶೂಗಳನ್ನು ಹೊರಕ್ಕೆ ತಳ್ಳುವುದು ವೀಲ್ ಸಿಲಿಂಡರ್. ಮೆಕ್ಯಾನಿಕ್ ಡ್ರಮ್ ಬಿಚ್ಚಿ ‘ಲೈನರ್ ಮುಗಿದಿದೆ’ ಎನ್ನುತ್ತಾರೆ. ಅಲ್ಲಿಂದ ಮುಂದೆ ಗೊಂದಲ ಶುರುವಾಗುತ್ತದೆ. ಹಳೆಯ ಶೂಗೇ ಹೊಸ ಲೈನರ್ ಹಾಕಿಸಬೇಕೇ, ಹೊರಗಿನ ಬ್ರಾಂಡಿನ ಶೂ ತರಬೇಕೇ, ಕಂಪನಿಯದ್ದೇ ಆಗಬೇಕೇ? ಡ್ರಮ್ಮಿನ ಒಳಮೈ ಕಡೆಯಲು ಲೇತ್‌ಗೆ ಕೊಟ್ಟರೆ ಸಾಕೇ? ವೀಲ್ ಸಿಲಿಂಡರಿಗೆ ಹೊಸ ರಬ್ಬರುಗಳ ಕಿಟ್ ಮಾತ್ರ ಹಾಕಿದರೆ ನಡೆದೀತೇ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬಹಳ ಮಂದಿ ತಲೆ ಕೆಡಿಸಿಕೊಳ್ಳುವುದು ಶೂ ಯಾವ ಬ್ರಾಂಡಿನದು ಎಂಬುದರ ಬಗ್ಗೆ. ಆದರೆ ಹಿಂದಿನ ಬ್ರೇಕ್ ಚೆನ್ನಾಗಿ ಹಿಡಿಯುವುದೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ವೀಲ್ ಸಿಲಿಂಡರು ಮತ್ತು ಡ್ರಮ್. ಶೂ ವಿಷಯದಲ್ಲಿ ಸ್ವಲ್ಪ ಹಣ ಉಳಿಸಬಹುದು. ಸಿಲಿಂಡರಿನಲ್ಲಿ ಉಳಿಸಹೋದರೆ ಹೊಸ ಶೂ ಕೂಡ ಹಾಳಾಗುತ್ತದೆ.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು ಹೊರೆ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಹಾಗಾಗಿ ಒಬ್ಬಿಬ್ಬರು ಕುಳಿತು ಓಡಾಡುವ ಕಾರಿನಲ್ಲಿ ಬಹುಪಾಲು ಕೆಲಸ ಮುಂದಿನ ಬ್ರೇಕಿನದು, ಹಿಂದಿನ ಶೂ ವರ್ಷಗಟ್ಟಲೆ ಬಾಳುತ್ತದೆ. ಹೊರೆ ಹೊರುವ ಗಾಡಿಯ ಲೆಕ್ಕ ಬೇರೆ. ಕೋಲಾರದ ಮಾರುಕಟ್ಟೆಗೆ ನಲವತ್ತು ಬಾಕ್ಸ್ ಟೊಮೆಟೊ ಹೊತ್ತು ಹೊರಟ ಏಸ್ ಎಂದರೆ, ಬಾಕ್ಸಿಗೆ 15 ಕೆ.ಜಿ.ಯಂತೆ 600 ಕೆ.ಜಿ. ಅದರಲ್ಲಿ ಹೆಚ್ಚಿನ ಭಾರ ಕೂರುವುದು ಹಿಂದಿನ ಚಕ್ರಗಳ ಮೇಲೆ. ಅಂಥ ಗಾಡಿಯಲ್ಲಿ ಹಿಂದಿನ ಬ್ರೇಕ್ ಹೆಸರಿಗಷ್ಟೇ ಇದ್ದರೆ ನಡೆಯುವುದಿಲ್ಲ.

ಎರಡನೆಯದು ದಾರಿ. ಚಿಂತಾಮಣಿಯ ಬಯಲು ರಸ್ತೆಗೂ ನಂದಿ ಬೆಟ್ಟದ ಇಳಿಜಾರಿಗೂ ಅಜಗಜಾಂತರ. ನಂದಿಯ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಅಲ್ಲಿಂದ ತಿರುವು ತಿರುವಿಗೂ ಬ್ರೇಕ್ ಒತ್ತುತ್ತ ಇಳಿದರೆ ಡ್ರಮ್ ಕಾಯುತ್ತದೆ. ಕಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ತಗ್ಗುತ್ತದೆ. ಪೆಡಲ್ ಕೆಳಗೆ ಇಳಿಯುತ್ತ ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿಯುವುದು ಇದಕ್ಕೆ ಮೊದಲ ಮದ್ದು. ಆದರೂ ವಾರಕ್ಕೊಮ್ಮೆ ಬೆಟ್ಟ ಹತ್ತಿಳಿಯುವವರು ತೆಳುವಾದ ಡ್ರಮ್ಮನ್ನೂ ಬೆಲೆ ಕಡಿಮೆಯೆಂದು ಕೊಂಡ ಹೆಸರಿಲ್ಲದ ಲೈನರನ್ನೂ ನೆಚ್ಚಿಕೊಳ್ಳಬಾರದು.

ಮೂರನೆಯದು, ಗಾಡಿಯನ್ನು ಇನ್ನೆಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂಬುದು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕಾದರೆ ಗಾಡಿಯನ್ನು ಆರ್‌ಟಿಒ ತಪಾಸಣೆಗೆ ಒಯ್ಯಬೇಕು. ಬಾಡಿಗೆ ಗಾಡಿಗಳಿಗೆ ಎಂಟು ವರ್ಷದ ನಂತರ ಪ್ರತಿವರ್ಷ ಎಫ್‌ಸಿ, ಅಂದರೆ ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ. ಚಿಕ್ಕಬಳ್ಳಾಪುರದ ಕೆಎ-40 ಇರಲಿ, ಕೋಲಾರದ ಕೆಎ-07 ಇರಲಿ, ಬ್ರೇಕ್ ಹಿಡಿಯದ ಗಾಡಿಗೆ ಸಹಿ ಬೀಳಬಾರದು. ಇನ್ನೂ ಐದು ವರ್ಷ ಓಡಿಸುವ ಗಾಡಿಗೂ ಈ ವರ್ಷವೇ ಮಾರುವ ಗಾಡಿಗೂ ಒಂದೇ ಖರ್ಚು ಮಾಡಬೇಕಿಲ್ಲ, ನಿಜ. ಆದರೆ ಕೊಳ್ಳುವವರೂ ಅದೇ ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರು. ಮಾರುವ ಗಾಡಿ ಎಂದು ಸೋರುವ ಸಿಲಿಂಡರನ್ನು ಹಾಗೇ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಇನ್ನುಳಿದದ್ದು ಬಿಡಿಭಾಗ ಸಿಗುವ ಅನುಕೂಲ ಮತ್ತು ಕೆಲಸ ಮಾಡುವ ಕೈ. ಮಾರುತಿ, ಟಾಟಾ ಗಾಡಿಗಳ ಬ್ರೇಕ್ ಭಾಗಗಳು ಊರಿನ ಅಂಗಡಿಯಲ್ಲೇ ಸಿಗುತ್ತವೆ. ಪದ್ಮಿನಿ, ಅಂಬಾಸಿಡರ್, ಹಳೆಯ ಜೀಪುಗಳಾದರೆ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹುಡುಕಿಕೊಂಡು ಹೋಗಬೇಕಾಗಬಹುದು.

ಬಿಚ್ಚಿ ನೋಡದೆ ಏನನ್ನೂ ಕೊಳ್ಳಬೇಡಿ

ಪೆಡಲ್ ಮೊದಲ ಸಲ ಕೆಳಗೆ ಹೋಗಿ, ತಕ್ಷಣ ಮತ್ತೊಮ್ಮೆ ಒತ್ತಿದಾಗ ಮೇಲೆ ಬಂದರೆ ಶೂ ಮತ್ತು ಡ್ರಮ್ ನಡುವಿನ ಅಂತರ ಹೆಚ್ಚಾಗಿದೆ ಎಂದು ಊಹಿಸಬಹುದು. ಸ್ಪಂಜಿನಂತೆ ಮೆತ್ತಗಿದ್ದರೆ ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿ ಇದೆ. ಹ್ಯಾಂಡ್ ಬ್ರೇಕಿನ ಲಿವರ್ ಬಹಳ ಮೇಲೆ ಬಂದರೂ ಗಾಡಿ ನಿಲ್ಲದಿದ್ದರೆ ಲೈನರ್ ಸವೆದಿರಬಹುದು, ಅಥವಾ ಕೇಬಲ್ ಹಿಗ್ಗಿರಬಹುದು. ಇವೆಲ್ಲ ಊಹೆಗಳೇ. ಡ್ರಮ್ ತೆಗೆದಾಗ ಮಾತ್ರ ನಿಜ ಗೊತ್ತಾಗುತ್ತದೆ, ಹಾಗಾಗಿ ಆ ಹೊತ್ತಿನಲ್ಲಿ ನೀವು ಗ್ಯಾರೇಜಿನಲ್ಲೇ ಇರುವುದು ಒಳ್ಳೆಯದು.

ಡ್ರಮ್ ಕಳಚಿದಾಗ ಒಳಗೆ ಕಪ್ಪು ಪುಡಿ ತುಂಬಿರುತ್ತದೆ. ಅದನ್ನು ಏರ್ ಪೈಪಿನಿಂದ ಊದಲು ಬಿಡಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ನಿಮ್ಮ ಗಾಡಿಯದರಲ್ಲಿ ಇಲ್ಲದಿದ್ದರೂ ಆ ಪುಡಿ ಶ್ವಾಸಕೋಶಕ್ಕೆ ಹೋಗುವಂಥದ್ದಲ್ಲ. ಬ್ರೇಕ್ ಕ್ಲೀನರ್ ಸಿಂಪಡಿಸಿಯೋ ಸೋಪಿನ ನೀರಿನಲ್ಲಿ ಒದ್ದೆ ಮಾಡಿಯೋ ಒರೆಸಬೇಕು. ದಿನವಿಡೀ ಇದೇ ಕೆಲಸ ಮಾಡುವ ಹುಡುಗರ ಆರೋಗ್ಯದ ಪ್ರಶ್ನೆ ಇದು.

ಆಮೇಲೆ ಸಿಲಿಂಡರಿನ ಎರಡು ತುದಿಯಲ್ಲಿರುವ ರಬ್ಬರ್ ಬೂಟಿನ (ಧೂಳು ತಡೆಯುವ ಮುಚ್ಚಳದ) ಅಂಚನ್ನು ಉಗುರಿನಿಂದ ನಿಧಾನವಾಗಿ ಎತ್ತಿ ನೋಡಿ. ಒಳಗೆ ಒಣಗಿದ್ದರೆ ಅಥವಾ ತೇವದ ಪಸೆ ಮಾತ್ರ ಇದ್ದರೆ ಸರಿ. ಆಯಿಲ್ ಹೊರಗೆ ಹರಿದರೆ ಆ ಸಿಲಿಂಡರಿನ ಆಯಸ್ಸು ಮುಗಿದಿದೆ. ಓಮ್ನಿಯಂಥ ಹಿಂದಿನ ಚಕ್ರಕ್ಕೆ ಚಾಲನೆ ಇರುವ ಗಾಡಿಗಳಲ್ಲಿ ಇನ್ನೊಂದು ಸಾಧ್ಯತೆ ಉಂಟು: ಆಕ್ಸಲ್‌ನ ಆಯಿಲ್ ಸೀಲ್ ಹೋಗಿ ಗೇರ್ ಆಯಿಲ್ ಶೂ ಮೇಲೆ ಇಳಿಯುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಒಂದು ಲೋಟ ನೀರು ಸಾಕು. ಒಂದು ಹನಿ ಹಾಕಿ ಕಲಕಿ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿ ಹೋಗುತ್ತದೆ, ಗೇರ್ ಆಯಿಲ್ ತೇಲುತ್ತದೆ. ಮೊದಲನೆಯದಾದರೆ ಸಿಲಿಂಡರ್ ಬದಲಿಸಿ, ಎರಡನೆಯದಾದರೆ ಸೀಲ್. ಈ ಪರೀಕ್ಷೆ ಮಾಡದೆ ಶೂ ಮಾತ್ರ ಹಾಕಿದರೆ ಕೆಲವೇ ವಾರಗಳಲ್ಲಿ ಹೊಸ ಲೈನರೂ ಆಯಿಲ್ ಕುಡಿದು ಕೂರುತ್ತದೆ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕುವ ಪದ್ಧತಿ ಕೆಲವೆಡೆ ಇದೆ. ಮೇಲ್ಮೈ ಒಣಗಿದಂತೆ ಕಂಡರೂ ಕಾದಾಗ ಒಳಗಿನ ಆಯಿಲ್ ಮತ್ತೆ ಹೊರಬರುತ್ತದೆ. ಅಂಥ ಶೂ ಎಸೆಯಬೇಕಾದದ್ದೇ.

ಲೈನರಿನ ದಪ್ಪಕ್ಕೆ ಆಯಾ ಗಾಡಿಯ ಕೈಪಿಡಿಯಲ್ಲಿ ಕೊಟ್ಟ ಮಿತಿಯೇ ಪ್ರಮಾಣ. ಕೈಪಿಡಿ ಇಲ್ಲದವರು, ಅಂಟಿಸಿದ ಲೈನರ್ 1.5 ಮಿ.ಮೀ.ಗೆ ಬಂದರೆ ಬದಲಿಸಬೇಕು ಎಂದಿಟ್ಟುಕೊಳ್ಳಬಹುದು. ರಿವೆಟ್ ಹೊಡೆದ ಲೈನರ್ ಆದರೆ ರಿವೆಟ್‌ನ ತಲೆ ಡ್ರಮ್ಮಿಗೆ ತಾಗುವ ಮೊದಲೇ ಎಚ್ಚೆತ್ತುಕೊಳ್ಳಬೇಕು. ತಾಗಿದರೆ ಡ್ರಮ್ಮಿನಲ್ಲಿ ಗೀರು ಬಿದ್ದು ಖರ್ಚು ದುಪ್ಪಟ್ಟಾಗುತ್ತದೆ.

ಶೂ: ಮೂರು ದಾರಿ

ಹಳೆಯ ಶೂಗೆ ಹೊಸ ಲೈನರ್ ಹಾಕಿಸುವುದು ಲಾರಿ, ಟ್ರ್ಯಾಕ್ಟರ್, ಟ್ರೈಲರುಗಳಲ್ಲಿ ಇಂದಿಗೂ ಸರಿಯಾದ ದಾರಿ. ಅವುಗಳ ಶೂ ದಪ್ಪ, ಬಲವಾದದ್ದು. ಲೈನರನ್ನು ರಿವೆಟ್ ಮಾಡುವಂತೆಯೇ ರೂಪಿಸಿರುತ್ತಾರೆ. ಚಿಕ್ಕ ಕಾರಿಗೆ ಇದನ್ನು ನಾನು ಸೂಚಿಸುವುದಿಲ್ಲ. ಕಾರಿನ ಲೈನರನ್ನು ಕಾರ್ಖಾನೆಯಲ್ಲಿ ಒತ್ತಡ, ಶಾಖ ಎರಡನ್ನೂ ಕೊಟ್ಟು ಅಂಟಿಸಿರುತ್ತಾರೆ. ಆ ಸೌಕರ್ಯವಿಲ್ಲದ ಕಡೆ ಅಂಟಿಸಿದ್ದು ಕಾದಾಗ ಎದ್ದು ಬಂದರೆ ಚಕ್ರವೇ ಸಿಕ್ಕಿಹಾಕಿಕೊಳ್ಳಬಹುದು. ಉಳಿಯುವ ಹಣವೂ ಹೆಚ್ಚಲ್ಲ: ಚಿಕ್ಕ ಕಾರಿನ ಒಳ್ಳೆಯ ಶೂ ಸೆಟ್ ಸಾಮಾನ್ಯವಾಗಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಮುಗಿಯುವ ಖರ್ಚು. ಹೊಸ ಶೂ ಸಿಗದ ಹಳೆಯ ಜೀಪು, ಪದ್ಮಿನಿಗಳಿಗೆ ಮಾತ್ರ ಬೇರೆ ದಾರಿ ಇಲ್ಲ. ಆಗ ಲಾರಿ ಲೈನರ್ ಕೆಲಸ ಬಲ್ಲವರ ಬಳಿಯೇ ಹೋಗಿ, ಲೈನರಿನ ಬಾಗು ಡ್ರಮ್ಮಿನ ಬಾಗಿಗೆ ಕೂಡುವಂತೆ ಉಜ್ಜಿಸಿಕೊಳ್ಳಿ. ಮಧ್ಯದಲ್ಲಿ ಮಾತ್ರ ತಾಗಿ ಅಂಚು ತಾಗದ ಶೂ ಅರ್ಧ ಬ್ರೇಕ್ ಕೊಡುತ್ತದೆ.

ಎರಡನೆಯದು ಹೊರಗಿನ ಬ್ರಾಂಡು. ರಾಣೆ, ಸುಂದರಂ ಬ್ರೇಕ್ ಲೈನಿಂಗ್ಸ್, ಬ್ರೇಕ್ಸ್ ಇಂಡಿಯಾ, ಬಾಷ್ ಇವೆಲ್ಲ ಬ್ರೇಕಿನ ಭಾಗಗಳಲ್ಲಿ ಹೆಸರು ಮಾಡಿದವು. ಇವುಗಳಲ್ಲಿ ಕೆಲವು ವಾಹನ ಕಂಪನಿಗಳಿಗೇ ಭಾಗಗಳನ್ನು ಪೂರೈಸುತ್ತವೆ. ಹಗುರ ಬಳಕೆಯ 800ಗೂ ಓಮ್ನಿಗೂ ನನ್ನ ಮೊದಲ ಆಯ್ಕೆ ಇದೇ. ಬೆಲೆಗೆ ತಕ್ಕ ಗುಣಮಟ್ಟ ಇಲ್ಲಿ ಸಿಗುತ್ತದೆ, ಊರಿನಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ: ಹೆಸರಾಂತ ಬ್ರಾಂಡುಗಳ ಡಬ್ಬಿಯನ್ನೇ ನಕಲು ಮಾಡಿ ಮಾರುವವರಿದ್ದಾರೆ. ಮುದ್ರಣ ಮಸುಕಾಗಿರುವುದು, ಹೆಸರಿನ ಕಾಗುಣಿತದಲ್ಲಿ ತಪ್ಪಿರುವುದು, ಎಂಆರ್‌ಪಿ ಅಥವಾ ತಯಾರಿಯ ತಿಂಗಳು ಇಲ್ಲದಿರುವುದು, ಬಿಲ್ ಕೊಡಲು ಅಂಗಡಿಯವರು ಹಿಂಜರಿಯುವುದು, ಇವುಗಳಲ್ಲಿ ಒಂದು ಕಂಡರೂ ಬೇಡವೆನ್ನಿ.

ಮೂರನೆಯದು ಕಂಪನಿಯ ಅಸಲಿ ಶೂ. ಅಳತೆಯ ಬಗ್ಗೆ ಯೋಚಿಸಬೇಕಿಲ್ಲ, ಹ್ಯಾಂಡ್ ಬ್ರೇಕಿನ ಲಿವರ್ ಸೇರುವ ತೂತು, ಸ್ಪ್ರಿಂಗ್ ಕೂರುವ ಜಾಗ ಎಲ್ಲ ಕರಾರುವಾಕ್ಕಾಗಿರುತ್ತದೆ. ಬೆಲೆ ಸ್ವಲ್ಪ ಹೆಚ್ಚು. ಬೆಟ್ಟ ಹತ್ತಿಳಿಯುವವರು, ಶಾಲಾ ಮಕ್ಕಳನ್ನು ಒಯ್ಯುವವರು, ದಿನವೂ ಹೊರೆ ಹೊರಿಸುವವರು ಆ ಹೆಚ್ಚಿನ ಹಣವನ್ನು ಕೊಡಲಿ ಎಂದೇ ಹೇಳುತ್ತೇನೆ. ಬೇರೆಯವರು ಆ ವ್ಯತ್ಯಾಸದ ಹಣವನ್ನು ಸಿಲಿಂಡರಿಗೆ ಹಾಕಿದರೆ ಹೆಚ್ಚು ಲಾಭ.

ಗುಜರಿಯಿಂದ ತಂದ ಶೂ ಎಂಬ ನಾಲ್ಕನೆಯದನ್ನು ನಾನು ಆಯ್ಕೆಯೆಂದು ಎಣಿಸುವುದೇ ಇಲ್ಲ. ಅದು ಎಷ್ಟು ಕಾದಿದೆ, ಎಷ್ಟು ಆಯಿಲ್ ಕುಡಿದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ.

ಯಾವ ದಾರಿ ಹಿಡಿದರೂ ಎರಡೂ ಬದಿಗೆ ಒಟ್ಟಿಗೇ ಹಾಕಿಸಬೇಕು. ಒಂದು ಬದಿ ಹೊಸದು, ಇನ್ನೊಂದು ಬದಿ ಹಳೆಯದಾದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಮಳೆಯಲ್ಲಿ ಹಿಂದಿನ ಒಂದೇ ಚಕ್ರ ಮೊದಲು ಲಾಕ್ ಆದರೆ ಗಾಡಿ ತಿರುಗಿ ನಿಲ್ಲುವ ಅಪಾಯವೂ ಇದೆ.

ಡ್ರಮ್: ಹಾಗೇ ಬಿಡುವುದೇ, ಲೇತ್‌ಗೆ ಕೊಡುವುದೇ, ಹೊಸದೇ

ಒಳಮೈ ನುಣುಪಾಗಿದ್ದು, ಉಗುರಿಗೆ ಸಿಕ್ಕುವಂಥ ಗೀರು ಇಲ್ಲದಿದ್ದರೆ ಡ್ರಮ್ಮಿಗೆ ಕೈ ಹಚ್ಚುವುದೇ ಬೇಡ. ಉಪ್ಪುಕಾಗದದಿಂದ ಹೊಳಪು ತೆಗೆದು, ಒರೆಸಿ ಹಾಕಿದರೆ ಸಾಕು. ಅಂಚಿನಲ್ಲಿ ಸವೆಯದೆ ಉಳಿದ ದಿಂಡು ಬೆಳೆದಿದ್ದರೆ ಅದನ್ನು ಮಾತ್ರ ತೆಗೆಸಬಹುದು.

ಗೀರು ಆಳವಾಗಿದ್ದರೆ ಡ್ರಮ್ಮನ್ನು ಕಡೆಸಬೇಕು. ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಮಿಡಿದಂತೆ ಅನ್ನಿಸಿದರೆ ಡ್ರಮ್ ಗುಂಡಗೆ ಉಳಿದಿರಲಿಕ್ಕಿಲ್ಲ. ಆಗಲೂ ಲೇತ್. ಇಲ್ಲಿ ನೋಡಬೇಕಾದದ್ದು ಡ್ರಮ್ಮಿನ ಮೇಲೆಯೇ ಅಚ್ಚಾಗಿರುವ ಗರಿಷ್ಠ ವ್ಯಾಸ. ಎಷ್ಟೋ ಚಿಕ್ಕ ಕಾರುಗಳ ಡ್ರಮ್ಮಿನ ಒಳವ್ಯಾಸ ಹೊಸದಾಗಿದ್ದಾಗ 180 ಮಿ.ಮೀ. ಇರುತ್ತದೆ. ಸವೆದು, ಕಡೆದು ಅದು ಎಷ್ಟರವರೆಗೆ ದೊಡ್ಡದಾಗಬಹುದು ಎಂಬ ಮಿತಿ ಸಾಮಾನ್ಯವಾಗಿ ಅದರ ಮೇಲೇ ಇರುತ್ತದೆ, ತುಕ್ಕು ಉಜ್ಜಿದರೆ ಓದಲು ಸಿಗುತ್ತದೆ. ಲೇತ್‌ನವರ ಬಳಿ ವರ್ನಿಯರ್ ಇರುತ್ತದೆ. ಕೆಲಸಕ್ಕೆ ಮೊದಲೊಮ್ಮೆ, ಆದ ಮೇಲೊಮ್ಮೆ ಅಳೆದು ತೋರಿಸಿ ಎಂದು ಕೇಳಿ. ಮಿತಿ ಮೀರಿದ ಡ್ರಮ್ ತೆಳುವಾಗಿ ಬೇಗ ಕಾಯುತ್ತದೆ, ಸಿಲಿಂಡರಿನ ಪಿಸ್ಟನ್ನುಗಳು ಹೊರಗೆ ಹೆಚ್ಚು ಚಾಚಬೇಕಾಗುತ್ತದೆ. ಎಡದ ಡ್ರಮ್ಮಿಗೆ ಎಷ್ಟು ಕಡೆಸಿದರೋ ಬಲದ್ದಕ್ಕೂ ಸರಿಸುಮಾರು ಅಷ್ಟೇ ಆಗಬೇಕು.

ಬಿರುಕು ಕಂಡರೆ, ಕಾದು ನೀಲಿಗಟ್ಟಿದ ಗಟ್ಟಿ ಕಲೆಗಳಿದ್ದರೆ ಲೇತ್ ಬೇಡ, ಹೊಸ ಡ್ರಮ್. ಖರ್ಚು ಇಲ್ಲಿ ಏರುತ್ತದೆ. ಮಾರುತಿ 800ರಂಥ ಮುಂದಿನ ಚಕ್ರ ಚಾಲನೆಯ ಕಾರಿನಲ್ಲಿ ಬೇರಿಂಗ್ ಕೂಡ ಡ್ರಮ್ಮಿನೊಳಗೇ ಕೂರುವುದರಿಂದ ಬೇರಿಂಗ್, ಸೀಲ್‌ಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೇರಿಂಗ್ ಗೊರಗೊರ ಎನ್ನುತ್ತಿದ್ದರೆ ಡ್ರಮ್, ಬೇರಿಂಗ್ ಎರಡನ್ನೂ ಒಂದೇ ಸಲಕ್ಕೆ ಮುಗಿಸಿಬಿಡುವುದು ಲೇಸು, ಕೂಲಿ ಎರಡು ಸಲ ಕೊಡಬೇಕಿಲ್ಲ.

ವೀಲ್ ಸಿಲಿಂಡರ್: ಇಲ್ಲಿ ಕೈ ಬಿಗಿ ಹಿಡಿಯಬೇಡಿ

ಕಿಟ್ ಎಂದರೆ ಒಳಗಿನ ರಬ್ಬರ್ ಕಪ್ಪುಗಳು ಮತ್ತು ಹೊರಗಿನ ಬೂಟುಗಳು. ಹೊಸ ಸಿಲಿಂಡರಿನ ಮುಂದೆ ಇದರ ಬೆಲೆ ಅತ್ಯಲ್ಪ, ಅದೇ ಇದರ ಆಕರ್ಷಣೆ. ಸಿಲಿಂಡರಿನ ಒಳಮೈ ಕನ್ನಡಿಯಂತೆ ನುಣುಪಾಗಿದ್ದರೆ ಕಿಟ್ ಸಾಕು. ಆದರೆ ಹತ್ತು ಹದಿನೈದು ವರ್ಷ ಆಯಿಲ್ ಬದಲಿಸದೆ ಓಡಿದ ಗಾಡಿಗಳಲ್ಲಿ ಹಾಗಿರುವುದು ಅಪರೂಪ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆ ನೀರು ಸಿಲಿಂಡರಿನೊಳಗೆ ತುಕ್ಕು ಹಿಡಿಸಿ ಸಣ್ಣ ಸಣ್ಣ ಗುಳಿಗಳನ್ನು ಮಾಡುತ್ತದೆ. ಗುಳಿ ಬಿದ್ದ ಮೈಯಲ್ಲಿ ಹೊಸ ರಬ್ಬರ್ ಹಿಂದೆ ಮುಂದೆ ಸರಿಯುತ್ತಲೇ ಹರಿಯುತ್ತದೆ. ಉಪ್ಪುಕಾಗದ ಸುತ್ತಿ ಉಜ್ಜಿದರೆ ಗುಳಿ ಹೋಗುವುದಿಲ್ಲ, ಅದರ ಸುತ್ತಲಿನ ಲೋಹ ಹೋಗುತ್ತದೆ. ಅಲ್ಯೂಮಿನಿಯಂ ಸಿಲಿಂಡರನ್ನಂತೂ ಉಜ್ಜಲೇಬಾರದು.

ಹಾಗಾಗಿ ನನ್ನ ಮಾತು ಹೀಗಿದೆ: ಸಿಲಿಂಡರನ್ನು ಬಿಚ್ಚಿ, ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ. ಒಂದೇ ಒಂದು ಗುಳಿ ಕಂಡರೂ ಹೊಸ ಸಿಲಿಂಡರ್ ತನ್ನಿ, ಎರಡೂ ಬದಿಗೆ. ಸೋರುತ್ತಿದ್ದರೆ ಬಿಚ್ಚಿ ನೋಡುವ ಶ್ರಮವೂ ಬೇಡ, ನೇರ ಹೊಸದೇ. ಲೈನಿನಲ್ಲಿ ಸೇರಿದ ಗಾಳಿಯನ್ನು (ಏರ್) ತೆಗೆಯುವ ನಿಪ್ಪಲ್ ತುಕ್ಕು ಹಿಡಿದು ಮುರಿದುಹೋಗುವುದೂ ಹಳೆಯ ಗಾಡಿಗಳಲ್ಲಿ ಸಾಮಾನ್ಯ. ಹೊಸ ಸಿಲಿಂಡರಿನ ಜೊತೆ ಹೊಸ ನಿಪ್ಪಲ್ ಬಂದೇ ಬರುತ್ತದೆ.

ಗ್ಯಾರೇಜಿನಲ್ಲಿ ಕಣ್ಣಿಡಬೇಕಾದ ಇನ್ನೊಂದು ಸಂಗತಿ ತೊಳೆಯುವುದು. ಸಿಲಿಂಡರಿನ ಒಳಭಾಗವನ್ನು ಸೀಮೆಎಣ್ಣೆ, ಡೀಸೆಲ್ ಅಥವಾ ಪೆಟ್ರೋಲಿನಲ್ಲಿ ತೊಳೆದರೆ ಬ್ರೇಕಿನ ರಬ್ಬರ್ ಉಬ್ಬಿ ಹಾಳಾಗುತ್ತದೆ. ಸಾಮಾನ್ಯ ಗ್ರೀಸೂ ಹಾಗೆಯೇ. ಹೊಸ ಬ್ರೇಕ್ ಆಯಿಲಿನಿಂದಲೇ ತೊಳೆದು, ಅದನ್ನೇ ಸವರಿ ರಬ್ಬರ್ ಕೂರಿಸಬೇಕು.

ಆಯಿಲ್ ಕೂಡ ಪೂರ್ತಿ ಹೊಸದಾಗಲಿ. ಗಾಡಿಯಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 (ಆಯಿಲಿನ ದರ್ಜೆ) ಎಂದಿದ್ದರೆ ಡಾಟ್ 3 ಹಾಕಿ, ಡಾಟ್ 4 ಹಾಕಿದರೂ ನಡೆಯುತ್ತದೆ. ಹೊಸ ಡಾಟ್ 3 ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಡಾಟ್ 4 ಕನಿಷ್ಠ 230 ಡಿಗ್ರಿಯಲ್ಲಿ. ತೇವ ಹೀರಿದ ಮೇಲೆ ಇವು 140, 155ರವರೆಗೂ ಇಳಿಯಬಹುದು. ನಂದಿಯ ಇಳಿಜಾರಿನಲ್ಲಿ ಈ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಸಿಲಿಕೋನಿನ ಡಾಟ್ 5 ಬೇರೆಯೇ ಜಾತಿ, ಅದನ್ನು ಇವುಗಳ ಜೊತೆ ಬೆರೆಸಬಾರದು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸುವವರಿಗೆ ಸಿಲಿಂಡರಿನ ಖರ್ಚು ಬಹುಕಾಲ ಬರುವುದೇ ಇಲ್ಲ.

ಸಣ್ಣ ಭಾಗಗಳು

ರಿಟರ್ನ್ ಸ್ಪ್ರಿಂಗ್, ಶೂ ಹಿಡಿದಿಡುವ ಪಿನ್ನು, ಶೂ ಮತ್ತು ಡ್ರಮ್ ನಡುವಿನ ಅಂತರ ಹೊಂದಿಸುವ ಅಡ್ಜಸ್ಟರ್. ಕಾದು ಹಿಗ್ಗಿದ ಸ್ಪ್ರಿಂಗ್ ಶೂವನ್ನು ಹಿಂದಕ್ಕೆ ಎಳೆಯುವುದಿಲ್ಲ, ಬ್ರೇಕ್ ಉಜ್ಜುತ್ತಲೇ ಇರುತ್ತದೆ, ಮೈಲೇಜೂ ಹೋಗುತ್ತದೆ. ಇವುಗಳ ಸೆಟ್ ಅಗ್ಗವಾಗಿಯೇ ಸಿಗುತ್ತದೆ, ಸಿಕ್ಕರೆ ಹಾಕಿಸಿ. ನಕ್ಷತ್ರದ ಹಲ್ಲಿನ ಅಡ್ಜಸ್ಟರ್ ಇರುವ ಗಾಡಿಗಳಲ್ಲಿ ಎಡಬಲ ಅದಲುಬದಲಾದರೆ ಅದು ಬಿಗಿಯಾಗುವ ಬದಲು ಸಡಿಲವಾಗುತ್ತ ಹೋಗುತ್ತದೆ. ಒಂದು ಬದಿಯ ಕೆಲಸ ಮುಗಿಯುವ ತನಕ ಇನ್ನೊಂದು ಬದಿಯನ್ನು ಬಿಚ್ಚದಿದ್ದರೆ ಅದೇ ಮಾದರಿಯಾಗಿ ಉಳಿಯುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳುವುದೂ ಒಳ್ಳೆಯದು.

ಯಾರ ಕೈಗೆ ಕೊಡುವುದು

ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಅಸಲಿ ಭಾಗ, ಬಿಲ್, ವಾರಂಟಿ ಸಿಗುತ್ತದೆ. ಕೂಲಿ ಹೆಚ್ಚು, ಮತ್ತು ಅಲ್ಲಿ ಸರಿಪಡಿಸುವುದಕ್ಕಿಂತ ಬದಲಿಸುವ ಒಲವು ಜಾಸ್ತಿ. ಡ್ರಮ್ ಲೇತ್‌ಗೆ ಕಳಿಸುವ ಬದಲು ಹೊಸದನ್ನೇ ಸೂಚಿಸಬಹುದು. ಊರಿನ ಗ್ಯಾರೇಜಿನಲ್ಲಿ ಭಾಗವನ್ನು ನೀವೇ ತಂದುಕೊಡಬಹುದು, ಬಿಚ್ಚಿದ್ದನ್ನು ಕಣ್ಣಾರೆ ನೋಡಬಹುದು, ಲೇತ್ ಕೂಡ ಹತ್ತಿರದಲ್ಲೇ ಇರುತ್ತದೆ. ಹಳೆಯ ಗಾಡಿಗೆ ನನ್ನ ಮತ ಊರಿನ ಗ್ಯಾರೇಜಿಗೇ, ಅವರು ಈ ಗಾಡಿಗಳನ್ನು ದಿನವೂ ಬಿಚ್ಚುವವರಾಗಿದ್ದರೆ.

ಮನೆಯಲ್ಲೇ ಮಾಡುವ ಹುಮ್ಮಸ್ಸಿನವರು ಶೂ ಬದಲಿಸಬಹುದು. ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ, ಮುಂದಿನ ಚಕ್ರಗಳಿಗೆ ಕಲ್ಲು ಇಡಿ, ಹ್ಯಾಂಡ್ ಬ್ರೇಕ್ ಸಡಿಲಿಸಿ. ಸಿಲಿಂಡರ್ ಬಿಚ್ಚುವುದು, ಏರ್ ತೆಗೆಯುವುದನ್ನು ಮೊದಲ ಸಲ ಅನುಭವಿಗಳ ಜೊತೆಯೇ ಮಾಡಿ.

ನಿಮ್ಮ ಗಾಡಿಗೆ ಯಾವುದು

ವಾರಕ್ಕೆರಡು ದಿನ ಪೇಟೆಗೆ, ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗುವ 800: ಒಳ್ಳೆಯ ಹೊರಗಿನ ಬ್ರಾಂಡಿನ ಶೂ, ಡ್ರಮ್ ನುಣುಪಿದ್ದರೆ ಹಾಗೇ ಬಿಡಿ, ಸಿಲಿಂಡರ್ ನುಣುಪಿದ್ದರೆ ಕಿಟ್, ಹೊಸ ಆಯಿಲ್. ಇದಕ್ಕಿಂತ ಹೆಚ್ಚು ಸುರಿಯಬೇಕಿಲ್ಲ.

ಮಕ್ಕಳನ್ನೋ ಹೂವಿನ ಮೂಟೆಯನ್ನೋ ದಿನವೂ ಒಯ್ಯುವ ಓಮ್ನಿ: ಕಂಪನಿಯ ಶೂ, ಎರಡೂ ಬದಿಗೆ ಹೊಸ ಸಿಲಿಂಡರ್, ಆಯಿಲ್ ಸೀಲ್, ಸ್ಪ್ರಿಂಗ್ ಸೆಟ್. ಡ್ರಮ್ ಮಿತಿಯ ಹತ್ತಿರ ಬಂದಿದ್ದರೆ ಹೊಸದು. ಒಂದೇ ಸಲ ಅಷ್ಟು ಹಣ ಹೊಂದಿಸಲಾಗದಿದ್ದರೆ ಮೊದಲು ಸಿಲಿಂಡರ್, ಸೀಲ್, ಶೂ ಮುಗಿಸಿ. ಬಿರುಕಿಲ್ಲದ, ಮಿತಿಯೊಳಗಿನ ಡ್ರಮ್ ಮುಂದಿನ ಸಲಕ್ಕೆ ಕಾಯಬಹುದು.

ಟೊಮೆಟೊ, ತರಕಾರಿ ಹೊರುವ ಏಸ್: ಓಮ್ನಿಯ ಮಾತೇ ಇದಕ್ಕೂ ಅನ್ವಯ, ಜೊತೆಗೆ ಬೆಳೆಯ ಸುಗ್ಗಿಗೆ ಮುಂಚೆ ಒಮ್ಮೆ ಬಿಚ್ಚಿ ನೋಡುವುದು. ಸುಗ್ಗಿಯ ನಡುವೆ ಗಾಡಿ ನಿಂತರೆ ಆಗುವ ನಷ್ಟದ ಮುಂದೆ ಈ ಖರ್ಚು ಏನೂ ಅಲ್ಲ.

ತೋಟದ ಹಳೆಯ ಜೀಪು: ಶೂ ಸಿಕ್ಕರೆ ಹೊಸದು, ಸಿಗದಿದ್ದರೆ ರಿವೆಟ್ ಲೈನರ್, ಡ್ರಮ್ಮಿಗೆ ಲೇತ್. ಈ ಗಾಡಿಯಲ್ಲಿ ಬಾಗು ಕೂಡಿಸುವ ಕೆಲಸಕ್ಕೆ ಅರ್ಧ ದಿನ ಹೋದರೂ ಬೇಸರ ಬೇಡ.

ಕೆಲಸ ಮುಗಿದ ಮೇಲೆ ಮೊದಲು ಶೂ ಅಡ್ಜಸ್ಟ್ ಮಾಡಿಸಿ, ಆಮೇಲೆ ಹ್ಯಾಂಡ್ ಬ್ರೇಕ್ ಕೇಬಲ್. ಈ ಕ್ರಮ ತಿರುಗುಮುರುಗಾದರೆ ಕೇಬಲ್ಲಿನ ಬಿಗಿ ಶೂನ ಸಡಿಲವನ್ನು ಮುಚ್ಚಿಡುತ್ತದೆ. ಖಾಲಿ ರಸ್ತೆಯಲ್ಲಿ ಕಡಿಮೆ ವೇಗದಲ್ಲಿ ಒತ್ತಿ ನೋಡಿ, ಗಾಡಿ ನೇರ ನಿಲ್ಲಬೇಕು. ಸ್ವಲ್ಪ ದೂರ ಓಡಿಸಿ ನಿಂತಾಗ ಎರಡೂ ಹಿಂದಿನ ಚಕ್ರಗಳ ಬಳಿ ಕೈ ಹಿಡಿಯಿರಿ, ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಆ ಬದಿಯ ಶೂ ಉಜ್ಜುತ್ತಿದೆ. ಮೊದಲ ಕೆಲವು ನೂರು ಕಿಲೋಮೀಟರು ಹೊಸ ಲೈನರ್ ಡ್ರಮ್ಮಿಗೆ ಹೊಂದಿಕೊಳ್ಳುವ ಕಾಲ. ಆ ಹೊತ್ತಿನಲ್ಲಿ ಭಾರಿ ಹೊರೆ ಹಾಕಬೇಡಿ, ಬೆಟ್ಟಕ್ಕೂ ಹೋಗಬೇಡಿ. ಆಮೇಲೆ ಮತ್ತೊಮ್ಮೆ ಅಡ್ಜಸ್ಟ್ ಮಾಡಿಸಿ, ಆಯಿಲ್ ಡಬ್ಬಿಯ ಮಟ್ಟ ಇಳಿದಿದೆಯೇ ನೋಡಿ.